ಹದಿನಾಲ್ಕನೇ ಪ್ರಶ್ನೆ

ನಮ್ಮ ಕನ್ನಡ ಸಂಘದ ಕೆಲಸ ಅಂದ್ರೆ ನವೆಂಬರ್‌ನಲ್ಲಿ ರಾಜ್ಯೋತ್ಸವ, ಬಾವುಟ, ಆರ್ಕೆಸ್ಟ್ರಾ. ಆಮೇಲೆ ಮುಂದಿನ ನವೆಂಬರ್ ತನಕ ವಾಟ್ಸಾಪ್ ಗ್ರೂಪ್‌ನಲ್ಲಿ ಶುಭೋದಯ. ಈ ಸಲ ಬೇರೆ ಏನಾದ್ರೂ ಮಾಡೋಣ ಅಂತ ಸೆಕೆಂಡ್ ಇಯರ್‌ನ ನಾವು ನಾಲ್ಕು ಜನ ಹೊರಟೆವು. ಒಂದು ಸರ್ಕಾರಿ ಶಾಲೆಗೆ ಹೋಗಿ ಏಳು ಮತ್ತು ಎಂಟನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನದ ಪರೀಕ್ಷೆ ಕೊಡೋದು, ಚೆನ್ನಾಗಿ ಮಾಡಿದ ಹತ್ತು ಜನರನ್ನ ಎರಡು ದಿನ ನಮ್ಮ ಕಾಲೇಜಿಗೆ ಕರೆಸಿ ಲ್ಯಾಬ್ ಎಲ್ಲಾ ತೋರಿಸೋದು, ಇದು ಪ್ಲಾನ್. ಊರು ಸಂತೆಮರಹಳ್ಳಿ. ಚಾಮರಾಜನಗರದಿಂದ ಯಳಂದೂರಿನ ಕಡೆ ಹೋಗುವಾಗ ಸಿಗುತ್ತದೆ. ಅದೇ ಯಾಕೆ ಅಂದ್ರೆ ನಮ್ಮಲ್ಲಿ ಒಬ್ಬಳ ಅಜ್ಜಿ ಮನೆ ಅಲ್ಲಿದೆ, ಊಟದ ಖರ್ಚು ಉಳಿಯುತ್ತೆ.

ಪ್ರಶ್ನೆಪತ್ರಿಕೆ ಮಾಡೋಕೆ ಮೂರು ವಾರ ಹಿಡಿಯಿತು. ಬಾಯಿಪಾಠದ ಪ್ರಶ್ನೆ ಬೇಡ, ಅರ್ಥ ಆಗಿದೆಯಾ ಅಂತ ತಿಳಿಯಬೇಕು ಅನ್ನೋದು ನಮ್ಮ ಹಠ. ಹುಡುಕಿದಾಗ ಅಮೆರಿಕದ ಪ್ರಾಜೆಕ್ಟ್ 2061 ಬಗ್ಗೆ ಗೊತ್ತಾಯ್ತು. ಅಲ್ಲಿನ ವಿಜ್ಞಾನ ಸಂಘವೊಂದು 1985ರಲ್ಲಿ ಶುರು ಮಾಡಿದ್ದು. ಆಗ ಹ್ಯಾಲಿ ಧೂಮಕೇತು ಭೂಮಿಯ ಕಡೆ ಬರ್ತಾ ಇತ್ತು, ಅದು ಮತ್ತೆ ಬರೋದು 2061ರಲ್ಲಿ, ಅದಕ್ಕೇ ಆ ಹೆಸರು. ಭೌತ, ಭೂಮಿ, ಜೀವ ವಿಜ್ಞಾನ ಮೂರಕ್ಕೂ ಸೇರಿ ಅವರು 600ಕ್ಕೂ ಹೆಚ್ಚು ಬಹು ಆಯ್ಕೆ ಪ್ರಶ್ನೆ ಮಾಡಿದ್ದಾರೆ. ಅವರ ಪ್ರಶ್ನೆಗಳಲ್ಲಿ ತಪ್ಪು ಉತ್ತರಗಳು ಸುಮ್ಮನೆ ತುಂಬಿಸಿದವಲ್ಲ. ಮಕ್ಕಳು ನಿಜವಾಗಿ ಹೇಗೆ ತಪ್ಪು ತಿಳಿದಿರುತ್ತಾರೋ ಅದನ್ನೇ ಆಯ್ಕೆಯಾಗಿ ಇಟ್ಟಿರುತ್ತಾರೆ. ತಪ್ಪು ಗುರುತು ಹಾಕಿದರೂ ಮಗು ಏನು ಯೋಚಿಸಿತು ಅಂತ ಗೊತ್ತಾಗುತ್ತೆ.

ನಾವೂ ಹಾಗೇ ಇಪ್ಪತ್ತು ಪ್ರಶ್ನೆ ಬರೆದೆವು. ಉದಾಹರಣೆಗೆ, ಕಬ್ಬಿಣ ಕಾದಾಗ ಹಿಗ್ಗೋದು ಯಾಕೆ? ಪರಮಾಣುಗಳೇ ದೊಡ್ಡದಾಗುತ್ತವೆಯೋ, ಅವುಗಳ ನಡುವಿನ ಅಂತರ ಹೆಚ್ಚುತ್ತದೆಯೋ? (ಸರಿ ಉತ್ತರ ಎರಡನೆಯದು. ನಮ್ಮ ನಾಲ್ವರಲ್ಲೇ ಒಬ್ಬ ಮೊದಲನೆಯದು ಅಂದಿದ್ದ, ಅವನ ಬ್ರಾಂಚ್ ಹೇಳಲ್ಲ.)

ಕಷ್ಟ ಆಗಿದ್ದು ಕನ್ನಡ. ನಾವು ನಾಲ್ಕೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ವಿಜ್ಞಾನವನ್ನ ಕನ್ನಡದಲ್ಲಿ ಓದೇ ಇಲ್ಲ. ದ್ಯುತಿಸಂಶ್ಲೇಷಣೆ ಅಂತ ಟೈಪ್ ಮಾಡೋಕೇ ಹತ್ತು ನಿಮಿಷ ಬೇಕಾಯ್ತು. ಆದರೂ ಕನ್ನಡ ಸಂಘದವರಲ್ವಾ, ಇಂಗ್ಲಿಷ್ ಪದ ಒಂದೂ ಇರಬಾರದು ಅಂತ ನಿಘಂಟು, ಆ್ಯಪ್ ಎಲ್ಲಾ ಜಾಲಾಡಿ ಶುದ್ಧ ಪದಗಳನ್ನ ಹಾಕಿದೆವು. ಹದಿನಾಲ್ಕನೇ ಪ್ರಶ್ನೆ ಹೀಗಿತ್ತು: ‘ರೇಷ್ಮೆ ಹುಳುವಿನ ಡಿಂಭಾವಸ್ಥೆಯಲ್ಲಿ ಎಷ್ಟು ಬಾರಿ ನಿರ್ಮೋಚನೆ ನಡೆಯುತ್ತದೆ?’ ಓದಿ ನಮಗೇ ಹೆಮ್ಮೆ ಅನ್ನಿಸಿತ್ತು.

ಒಂದು ಶನಿವಾರ ಬೆಳಗ್ಗೆ ಶಾಲೆಗೆ ಹೋದೆವು. ಮುಖ್ಯ ಶಿಕ್ಷಕಿ ಪತ್ರಿಕೆ ಓದಿ, ‘ಚೆನ್ನಾಗಿದೆ ಕಣ್ರಪ್ಪ, ಸ್ವಲ್ಪ ಗಟ್ಟಿ ಆಯ್ತೇನೋ’ ಅಂದರು. ಪ್ರಶ್ನೆಗಳು ಕಷ್ಟ ಅಂತಿದ್ದಾರೆ ಅಂದುಕೊಂಡೆವು. ಅವರು ಹೇಳಿದ್ದು ಭಾಷೆ ಬಗ್ಗೆ ಅಂತ ಸಂಜೆ ಗೊತ್ತಾಯ್ತು.

ಮಧ್ಯಾಹ್ನ ಬಿಸಿಯೂಟ ಆದಮೇಲೆ ತಿದ್ದಿದೆವು. ಒಬ್ಬ ಹುಡುಗ ಇಪ್ಪತ್ತಕ್ಕೆ ಹದಿನೆಂಟು ತೆಗೆದಿದ್ದ. ಖುಷಿಯಾಗಿ ಕರೆದು, ಕಬ್ಬಿಣದ ಪ್ರಶ್ನೆಗೆ ಈ ಉತ್ತರ ಯಾಕೆ ಹಾಕಿದೆ ಅಂತ ಕೇಳಿದೆವು. ‘ಉದ್ದ ಇರೋ ಉತ್ತರನೇ ಸರಿ ಇರ್ತದ ಕಣಣ್ಣ’ ಅಂದ. ತೆಗೆದು ನೋಡಿದರೆ ನಿಜ! ಸರಿ ಉತ್ತರವನ್ನ ಜಾಗ್ರತೆಯಾಗಿ ಬರೆಯಬೇಕು ಅಂತ ಪ್ರತಿ ಪ್ರಶ್ನೆಯಲ್ಲೂ ಅದನ್ನೇ ಉದ್ದ ಮಾಡಿಟ್ಟಿದ್ದೆವು. ಆ ಹುಡುಗ ಓದಿದ್ದು ವಿಜ್ಞಾನವನ್ನಲ್ಲ, ನಮ್ಮನ್ನ.

ಇನ್ನೊಬ್ಬಳು ಬೇಸಿಗೆಯ ಪ್ರಶ್ನೆ ಹಿಡಿದುಕೊಂಡು ಬಂದಳು. ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತೆ ಅನ್ನೋದು ಎಲ್ಲಾ ದೇಶದವರೂ ಮಾಡುವ ತಪ್ಪು. ನಿಜ ಹೇಳಬೇಕೆಂದರೆ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ. ನಮ್ಮ ಸರಿ ಉತ್ತರ, ‘ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆ ವಾಲಿರುತ್ತದೆ.’ ಅವಳು ಕೇಳಿದ್ದು ಇಷ್ಟೇ: ‘ಜೂನಲ್ಲಿ ವಾಲಿದ್ರ ನಮ್ಮೂರಲ್ಲಿ ಯಾಕಕ್ಕ ಏಪ್ರಿಲಲ್ಲೇ ಉರಿಬಿಸ್ಲು? ಜೂನಲ್ಲಿ ತಣ್ಣಗಿರ್ತದಲ್ಲ.’

ನಮ್ಮ ನಾಲ್ವರ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆವು. ಸಂತೆಮರಹಳ್ಳಿ ಇರೋದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿ ಮೇಲೆ ಬರುತ್ತಾನೆ, ಏಪ್ರಿಲ್ 21ರ ಆಸುಪಾಸು ಒಂದು ಸಲ, ಆಗಸ್ಟ್ 21ರ ಆಸುಪಾಸು ಇನ್ನೊಂದು ಸಲ. ಏಪ್ರಿಲ್‌ನಲ್ಲಿ ಆಕಾಶ ಬಿಚ್ಚಿಕೊಂಡಿರುತ್ತೆ, ನೆಲ ಒಣಗಿರುತ್ತೆ. ಆಗಸ್ಟ್‌ನಲ್ಲಿ ಮುಂಗಾರಿನ ಮೋಡ, ಒದ್ದೆ ನೆಲ, ಹಾಗಾಗಿ ಅಷ್ಟು ಸುಡಲ್ಲ. ವಾಲಿಕೆಯ ಮಾತು ಸುಳ್ಳಲ್ಲ, ಆದರೆ ನಾವು ಬರೆದ ಉತ್ತರ ಲಂಡನ್ನಿನ ಮಕ್ಕಳಿಗೆ ಸರಿ. ಅವಳ ಬೆವರಿಗೆ ಅದು ಉತ್ತರ ಆಗಿರಲಿಲ್ಲ.

ಆದರೆ ಇದೆಲ್ಲಾ ಯೋಚಿಸುವ ಮೊದಲೇ, ಮೂರು ಗಂಟೆಗೆ, ಹತ್ತು ಜನರ ಪಟ್ಟಿ ಓದಿ ಚಪ್ಪಾಳೆ ಹೊಡೆಸಿಬಿಟ್ಟಿದ್ದೆವು.

ಸಂಜೆ ಅಜ್ಜಿ ಮನೆಯಲ್ಲಿ ಕಾಫಿ ಕುಡಿದು ಬೀದಿಗೆ ಬಂದರೆ, ಪಕ್ಕದ ಮನೆ ಬಾಗಿಲಲ್ಲಿ ಒಬ್ಬ ಹುಡುಗಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ಎಂಟನೇ ಕ್ಲಾಸು. ನಮ್ಮ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಆರು. ‘ಹುಳ ನೋಡ್ತೀರಾ ಅಕ್ಕ?’ ಅಂತ ಒಳಗೆ ಕರೆದಳು. ತಟ್ಟೆಗಳಲ್ಲಿ ಬಿಳಿ ಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಸತ್ತಿವೆಯಾ ಅಂದೆವು. ಅವಳು ಜೋರಾಗಿ ನಕ್ಕಳು.

‘ಸತ್ತಿಲ್ಲ ಕಣಕ್ಕ, ಜ್ವರಕ್ಕ ಕೂತವ. ಇದು ಮೂರನೇ ಜ್ವರ. ಈಗ ಸೊಪ್ಪು ಹಾಕ್‌ಬಾರ್ದು, ಸುಣ್ಣದ ಪುಡಿ ಹಾಕಿ ಸುಮ್ನ ಬುಡ್ಬೇಕು. ಎದ್ದಮೇಲ ಹಳೇ ಚರ್ಮ ಬುಟ್ಟು ದೊಡ್ಡದಾಯ್ತವ. ಒಟ್ಟು ನಾಕು ಜ್ವರ. ನಾಕನೇದ್ರಿಂದ ಎದ್ದವು ಅಂದ್ರ ಹಗಲೂ ರಾತ್ರಿ ತಿಂತವ, ಒಂದು ವಾರ ನಮ್ಗ ನಿದ್ದನೇ ಇಲ್ಲ. ಆಮೇಲ ಹಣ್ಣಾಯ್ತವ, ಚಂದ್ರಿಕೆಗ ಬುಡೋದು.’

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದೇ ಹದಿನಾಲ್ಕನೇ ಪ್ರಶ್ನೆ. ನಾಲ್ಕು ಸಲ ಪೊರೆ ಬಿಡುತ್ತೆ ಅನ್ನೋದು ನಮ್ಮ ಉತ್ತರ, ಅಷ್ಟೇ. ಅವಳು ಹೇಳಿದ್ದು ಅದರ ಹತ್ತು ಪಟ್ಟು. ಹಾಗಾದ್ರೆ ಯಾಕೆ ಖಾಲಿ ಬಿಟ್ಟೆ ಅಂತ ಕೇಳಿದೆವು. ‘ನಿರ್ಮೋಚನೆ ಅಂದ್ರ ಪಾಪ ವಿಮೋಚನೆ ತರ ಏನೋ ಅನ್ಕಂಡೆ. ಹುಳುಕ್ಕ ಅದ್ಯಾಕ ಅಂತ ಬುಟ್ಬುಟ್ಟೆ.’

ಎಲ್ಲರೂ ನಕ್ಕೆವು. ಅಜ್ಜಿ ಮನೆಗೆ ವಾಪಸ್ ಬಂದಮೇಲೆ ಯಾರಿಗೂ ನಗು ಬರಲಿಲ್ಲ. ನಾವು ಅವಳ ವಿಜ್ಞಾನಕ್ಕೆ ಅಲ್ಲ, ನಮ್ಮ ನಿಘಂಟಿಗೆ ಪರೀಕ್ಷೆ ಕೊಟ್ಟಿದ್ದೆವು. ಇಂಗ್ಲಿಷ್ ಬಾರದ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಕೇಳಿದರೆ ಅನ್ಯಾಯ ಅಂತ ನಾವೇ ವೇದಿಕೆ ಮೇಲೆ ಭಾಷಣ ಮಾಡಿದ್ದೇವೆ. ಕನ್ನಡದಲ್ಲೇ ಅದೇ ಅನ್ಯಾಯ ಮಾಡಬಹುದು ಅಂತ ಗೊತ್ತಿರಲಿಲ್ಲ. ಹಾಗಂತ ಪುಸ್ತಕದ ಪದಗಳೇ ಬೇಡ ಅಂತಲ್ಲ, ಮುಂದೆ ಓದೋಕೆ ಅವಳಿಗೆ ಅವೂ ಬೇಕು. ಆದರೆ ಪದ ಗೊತ್ತಿದೆಯಾ ಅನ್ನೋದು ಒಂದು ಪ್ರಶ್ನೆ, ವಿಷಯ ಗೊತ್ತಿದೆಯಾ ಅನ್ನೋದು ಇನ್ನೊಂದು. ನಾವು ಎರಡನ್ನೂ ಕಲಸಿ ಒಂದೇ ಅಂಕ ಕೊಟ್ಟಿದ್ದೆವು. ಜೊತೆಗೆ ಆ ಅಂಕದ ಮೇಲೆ ಸೀಟು ಹಂಚಿದ್ದೆವು.

ಪಟ್ಟಿ ಬದಲಾಯಿಸೋಣ ಅಂತ ಇಬ್ಬರು, ಓದಿದ ಹೆಸರನ್ನ ತೆಗೆಯೋದು ಇನ್ನೂ ತಪ್ಪು ಅಂತ ಇಬ್ಬರು. ರಾತ್ರಿ ಹನ್ನೆರಡರ ತನಕ ಜಗಳ. ಕೊನೆಗೆ ಯಾರನ್ನೂ ತೆಗೆಯದೆ, ರಾಜ್ಯೋತ್ಸವದ ಆರ್ಕೆಸ್ಟ್ರಾ ದುಡ್ಡಲ್ಲಿ ಸ್ವಲ್ಪ ಮುರಿದು ನಾಲ್ಕು ಸೀಟು ಹೆಚ್ಚಿಸಿದೆವು. ಎರಡು ವಾರ ಬಿಟ್ಟು ಮತ್ತೆ ಹೋದೆವು. ಈ ಸಲ ಪೇಪರ್ ಇಲ್ಲ. ಒಂದು ತಟ್ಟೆ ಹುಳು, ಒಂದು ಟಾರ್ಚು, ಒಂದು ಚೆಂಡು ಇಟ್ಟುಕೊಂಡು ಒಬ್ಬೊಬ್ಬರ ಜೊತೆ ಮಾತಾಡಿದೆವು. ‘ಯಾಕೆ?’ ಅಂತ ಕೇಳಿ ಸುಮ್ಮನಾಗೋದು, ಅಷ್ಟೇ ನಮ್ಮ ಕೆಲಸ. ಒಬ್ಬರಿಗೆ ಹತ್ತು ನಿಮಿಷ ಹಿಡಿಯಿತು. ಸಾವಿರಾರು ಮಕ್ಕಳಿಗೆ ಹೀಗೆ ಮಾಡೋಕಾಗಲ್ಲ, ಅದಕ್ಕೇ ದೊಡ್ಡ ಪರೀಕ್ಷೆಗಳು ಗುರುತು ಹಾಕೋ ಪ್ರಶ್ನೆಗಳನ್ನೇ ನೆಚ್ಚಿಕೊಳ್ಳುತ್ತವೆ ಅಂತ ಅರ್ಥ ಆಯ್ತು. ಆದರೆ ಅಂಥ ಪ್ರಶ್ನೆ ಬರೆಯೋ ಮೊದಲು ಹತ್ತು ಮಕ್ಕಳ ಹತ್ತಿರವಾದರೂ ಮಾತಾಡಬಹುದು. ನಾವು ಒಬ್ಬರ ಹತ್ತಿರವೂ ಮಾತಾಡಿರಲಿಲ್ಲ.

ಹೆಚ್ಚಿಸಿದ ನಾಲ್ಕು ಸೀಟಿನಲ್ಲಿ ಮೊದಲ ಹೆಸರು ಅವಳದ್ದು. ಆದರೆ ಅವಳು ಶಿಬಿರಕ್ಕೆ ಬರಲಿಲ್ಲ. ನಾವು ಇಟ್ಟ ದಿನಾಂಕಕ್ಕೆ ಸರಿಯಾಗಿ ಅವರ ಮನೆಯ ಮುಂದಿನ ಬೆಳೆಯ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಸೊಪ್ಪು ಕೊಯ್ಯೋಕೆ ಮನೆಯಲ್ಲಿ ಕೈ ಸಾಲದು. ‘ನಾಕನೇ ಜ್ವರ ಎದ್ಮೇಲ ನಿದ್ದ ಇಲ್ಲ ಅಂತ ಹೇಳಿದ್ನಲ್ಲ ಅಕ್ಕ’ ಅಂದಳು ಫೋನಿನಲ್ಲಿ. ಹೌದು, ಹೇಳಿದ್ದಳು. ನಾವು ಅದನ್ನ ಉತ್ತರ ಅಂತ ಕೇಳಿಸಿಕೊಂಡೆವೇ ಹೊರತು, ಅವಳ ಮನೆಯ ಕ್ಯಾಲೆಂಡರ್ ಅಂತ ಕೇಳಿಸಿಕೊಳ್ಳಲಿಲ್ಲ.

ಮುಂದಿನ ಸೆಮ್‌ನಲ್ಲಿ ಮತ್ತೆ ಹೋಗುತ್ತೇವೆ. ದಿನಾಂಕವನ್ನ ಈ ಸಲ ಅವಳನ್ನೇ ಕೇಳಿ ಇಟ್ಟಿದ್ದೇವೆ. ಫಸ್ಟ್ ಇಯರ್‌ನವರು ಯಾರಾದರೂ ಜೊತೆಗೆ ಬರೋದಾದ್ರೆ ಹೆಸರು ಕೊಡಿ. ಒಳ್ಳೇ ಕನ್ನಡ ಬರಲೇಬೇಕು ಅಂತೇನಿಲ್ಲ, ಅಲ್ಲಿ ಕಲಿಯಬಹುದು. ಅಜ್ಜಿ ಮನೆ ಊಟಕ್ಕೆ ನಾವು ಗ್ಯಾರಂಟಿ.