ಹಿನ್ನೀರಿನ ದಡದವರು

ಕಬಿನಿ ಅಂದ ಕೂಡಲೇ ಈಗಿನವರಿಗೆ ಸಫಾರಿ ಜೀಪು, ಕರಿಚಿರತೆ ನೆನಪಾಗುತ್ತೆ. ನನಗೆ ನೆನಪಾಗೋದು 2002ರ ಸೆಪ್ಟೆಂಬರು. ಸೌದೆ ಸ್ವಲ್ಪ ಒಳಗೆ ತಳ್ಳಪ್ಪ, ಹೇಳ್ತೀನಿ.

ಆಗ ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೇಷ್ಟ್ರು. ಮುಂಗಾರು ಕೈಕೊಟ್ಟಿತ್ತು. ತಮಿಳುನಾಡಿಗೆ ದಿನಕ್ಕೆ 1.25 ಟಿಎಂಸಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಪ್ರಧಾನಿ ವಾಜಪೇಯಿ ಅಧ್ಯಕ್ಷರಾಗಿದ್ದ ಕಾವೇರಿ ನದಿ ಪ್ರಾಧಿಕಾರ ಅದನ್ನು 0.8ಕ್ಕೆ ಇಳಿಸಿತು. ಬರಗಾಲದಲ್ಲಿ ಅದೂ ಹೊರೆಯೇ. ಕಾವೇರಿ ಗಲಾಟೆ ಅಂದ್ರೆ ಎಲ್ಲರೂ ಕೆಆರ್‌ಎಸ್ ಕಡೆ ನೋಡ್ತಾರೆ, ಆದರೆ ನಮ್ಮ ಕಬಿನಿಗೂ ಅಷ್ಟೇ ಬಿಸಿ. ಇದು ಹುಟ್ಟೋದು ವಯನಾಡಿನಲ್ಲಿ. ಅಲ್ಲಿ ಮಳೆ ಹಿಡಿದರೆ ನಮ್ಮ ಜಲಾಶಯ ಬೇಗ ತುಂಬುತ್ತೆ, ಹಿಡಿಯೋದು ಬರೀ 19.52 ಟಿಎಂಸಿ. ಗೇಟು ಎತ್ತಿದರೆ ನೀರು ತಿರುಮಕೂಡಲಿನಲ್ಲಿ ಕಾವೇರಿ ಸೇರಿ ಮೆಟ್ಟೂರಿನ ದಾರಿ ಹಿಡಿಯುತ್ತೆ.

18ನೇ ತಾರೀಕು ಬೀಚನಹಳ್ಳಿಯಿಂದ ಸುದ್ದಿ ಬಂತು. ಪ್ರತಿಭಟನೆಯಲ್ಲಿದ್ದ ರೈತರೊಬ್ಬರು ಜಲಾಶಯಕ್ಕೆ ಹಾರಿ ಪ್ರಾಣ ಬಿಟ್ಟಿದ್ದರು. ಸರ್ಕಾರ ನೀರು ನಿಲ್ಲಿಸಿತು. ರಸ್ತೆ ತುಂಬ ಕಲ್ಲು, ಸುಟ್ಟ ಟೈರು. ಬಸ್ಸಿಲ್ಲ. ನಡೆದುಕೊಂಡು ಹೊರಟವನಿಗೆ ಕತ್ತಲಾಗಿ, ಹಿನ್ನೀರಿನ ಕಡೆಯ ಒಂದು ಹಾಡಿಯಲ್ಲಿ ಉಳಿದುಕೊಂಡೆ. ಜೇನುಕುರುಬರ ಹಾಡಿ. ಆನೆ ಬರದ ಹಾಗೆ ನಡುವೆ ದಪ್ಪ ಕೊರಡು ಹೊತ್ತಿಸಿದ್ದರು. ಯಾರದೋ ಟ್ರಾನ್ಸಿಸ್ಟರಿನಲ್ಲಿ ಪ್ರದೇಶ ಸಮಾಚಾರ ಬರುತ್ತಿತ್ತು.

ಹಾಡಿಯ ಯಜಮಾನರು, ಎಪ್ಪತ್ತರ ಮೇಲಿನ ಜೀವ, ಬೀಡಿ ಹಚ್ಚಿಕೊಂಡು ಕೇಳಿದರು. "ಯಾವ್ ನೀರಿನ್ ಇಚಾರ ಸಾಮಿ ಅದು?"

"ಕಬಿನೀದು ಅಜ್ಜ. ನಮಗೂ ತಮಿಳುನಾಡಿಗೂ ಜಗಳ."

"ನಮ್ ಹಾಡೀನೂ ಸೇರ್ಸ್‌ಕೊಂಡು ಹೇಳ್ತಿದ್ದೀರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೂ ಕಾಯಲಿಲ್ಲ. ಪ್ರಾಯದಲ್ಲಿ ಕಾಕನಕೋಟೆ ಖೆಡ್ಡಾದಲ್ಲಿ ಆನೆ ಅಟ್ಟಿದವರಂತೆ. 1971ರ ಖೆಡ್ಡಾವೇ ಕಡೇದು. ಆಮೇಲೆ ಅಣೆಕಟ್ಟು ಎದ್ದು, ಕಾಡು ಮುಳುಗಿತು. "ನೀರು ಹೊಳೆ ಬಂದಂಗೆ ಬರ್ಲಿಲ್ಲ ಸಾಮಿ. ಬೆಳಿಗ್ಗೆ ನೋಡಿದ್ರೆ ಹುತ್ತದ್ ಬುಡಕ್ಕೆ ಬಂದಿತ್ತು. ಸಂಜೆಗೆ ಹುತ್ತಾನೇ ಇಲ್ಲ. ನಾವು ಮ್ಯಾಲಕ್ಕೆ ಹೋದ್ವಿ. ಅಲ್ಲಿಗೂ ಬಂತು. ಇನ್ನೂ ಮ್ಯಾಲಕ್ಕೆ ಹೋದ್ವಿ. ಹೊಲ ಇದ್ದೋರ್ಗೆ ಪಟ್ಟೆ ಇತ್ತು, ದುಡ್ಡು ಬಂತು. ಕಾಡಿಗೆ ಪಟ್ಟೆ ಮಾಡ್ಸ್‌ಕೊಂಡೋರು ನಮ್ಮಲ್ಲಿ ಯಾರಿದ್ರು?"

ಆಮೇಲೆ ಅವರು ಹೇಳಿದ ಒಂದು ಮಾತಿದೆ. ನೀರಿನ ಜಗಳದ ಬಗ್ಗೆ ಎಷ್ಟು ಓದಿದರೂ ಅಂಥದ್ದು ನನಗೆ ಸಿಕ್ಕಿಲ್ಲ. ಮಾಸ್ತಮ್ಮನ ಗುಡಿ ಹಿನ್ನೀರಿನಲ್ಲಿ ಮುಳುಗಿದೆಯಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ಅದು ಕಾಣುತ್ತೆ. "ತಮಿಳ್ನಾಡಿಗೆ ಜಾಸ್ತಿ ಬಿಟ್ಟ ವರ್ಸ ಅಮ್ಮ ಬೇಗ ಮ್ಯಾಲಕ್ಕೆ ಬತ್ತಾಳೆ. ಕಾಯಿ ಒಡ್ದು ಬತ್ತೀನಿ. ಗೇಟು ಮುಚ್ಚಿ ಅಂತ ನಾನ್ ಹೆಂಗೆ ಕೂಗ್ಲಿ?" ಅಂದು ನಕ್ಕರು. ಟ್ರಾನ್ಸಿಸ್ಟರಿನಲ್ಲಿ ಕ್ಯೂಸೆಕ್ ಲೆಕ್ಕ ಹೇಳುತ್ತಲೇ ಇದ್ದರು.

ಬೆಳಿಗ್ಗೆ ಎದ್ದರೆ, ಕಣ್ಣಳತೆಯಲ್ಲಿ ಅಷ್ಟಗಲ ಹಿನ್ನೀರು. ಹಾಡಿಯ ಹೆಂಗಸರು ಹಳ್ಳದ ಮರಳು ತೋಡಿ, ಒರತೆಯಿಂದ ಚೊಂಬಿನಲ್ಲಿ ಮೊಗೆದು ಬಿಂದಿಗೆ ತುಂಬಿಸುತ್ತಿದ್ದರು.

ಮುಂದಿನ ತಿಂಗಳು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆ ಪಾದಯಾತ್ರೆ ಹೊರಟರು, ನೀರು ನಿಲ್ಲಿಸಿದ್ದಕ್ಕೆ ಕೋರ್ಟಿನಲ್ಲಿ ಕ್ಷಮೆ ಕೇಳಬೇಕಾಯಿತು. ಅದೆಲ್ಲ ನಿಮಗೆ ಗೊತ್ತಿರೋದೇ. ಆ ಬರದಲ್ಲಿ ನೀರು ನಿಲ್ಲಿಸಿದ್ದು ಸರಿ ಅಂತ ನಾನು ಇವತ್ತಿಗೂ ವಾದ ಮಾಡ್ತೀನಿ. ಆದರೆ ಯಜಮಾನರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಕಾನೂನೇ ಕೈ ಎತ್ತುತ್ತೆ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯಲ್ಲಿ ದೂರು ಕೊಡೋಕೆ ಬರೋದು ರಾಜ್ಯ ಸರ್ಕಾರಕ್ಕೆ ಮಾತ್ರ. 1924ರ ಕಾವೇರಿ ಒಪ್ಪಂದ ಮಾಡಿಕೊಂಡವರು ಮೈಸೂರು, ಮದ್ರಾಸು. 1990ರಲ್ಲಿ ನ್ಯಾಯಮಂಡಳಿ ಬಂದಾಗ ಕೇರಳ, ಪುದುಚೇರಿಗೂ ಕುರ್ಚಿ ಸಿಕ್ಕಿತು. ಕಬಿನಿ ಕಟ್ಟಿದ್ದೇ ತಪ್ಪು ಅಂತ ತಮಿಳುನಾಡು ವಾದಿಸಿತು, ಕಟ್ಟಿದ್ದು ಸರಿ ಅಂತ ನಾವು ವಾದಿಸಿದೆವು. ಕಟ್ಟಿದ್ದರಿಂದ ಮುಳುಗಿದವರ ಪರವಾಗಿ ಮಾತಾಡೋಕೆ ಅಲ್ಲಿ ಜಾಗವೇ ಇರಲಿಲ್ಲ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತಲ್ಲ, ಅದರಲ್ಲಿ 4.75 ಬೆಂಗಳೂರಿನ ಕುಡಿಯೋ ನೀರಿಗೆ. ಆ ಊರಿನ ಹೆಚ್ಚಿನ ಭಾಗ ಕಾವೇರಿ ಕಣಿವೆಯಿಂದ ಹೊರಗಿದೆ. ಆದರೂ ಬಾಯಾರಿದವರಿಗೆ ಮೊದಲು ಅಂದಿತು ಕೋರ್ಟು. ಒಳ್ಳೇದೇ ಆಯಿತು. ಕಣಿವೆಯ ಒಳಗೇ ಇರುವ ಹಾಡಿಗೆ ಆ ಮಾತು ಯಾಕೆ ಮುಟ್ಟಲಿಲ್ಲ? ಅವರ ಪರ ಕೇಳೋ ವಕೀಲರಿರಲಿಲ್ಲ, ಅಷ್ಟೇ.

ಅಮೆರಿಕದಲ್ಲಿ 1908ರಲ್ಲೇ ಮೊಂಟಾನಾದ ಫೋರ್ಟ್ ಬೆಲ್ಕ್‌ನಾಪ್ ಬುಡಕಟ್ಟುಗಳ ವಿಷಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅವರಿಗೆ ನೆಲ ಬಿಟ್ಟುಕೊಟ್ಟಾಗಲೇ ನೀರನ್ನೂ ಬಿಟ್ಟುಕೊಟ್ಟ ಹಾಗೆ ಅಂದಿತ್ತು. ಅಲ್ಲೂ ಎಲ್ಲ ಸಸೂತ್ರವಾಗಿಲ್ಲ. 2023ರಲ್ಲಿ ನವಾಹೋ ಜನ ಅದೇ ಕೋರ್ಟಿನಲ್ಲಿ ಒಂದೇ ಮತದಿಂದ ಸೋತರು. ಆದರೆ ಕಟಕಟೆಯವರೆಗೆ ಹೋಗಿ ಸೋತರು.

ನಮ್ಮಲ್ಲೂ ಒಂದು ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಮೀನು ಮತ್ತು ನೀರಿನ ಇತರ ಉತ್ಪನ್ನಗಳ ಮೇಲೆ ಕಾಡಿನ ಸಮುದಾಯದ ಹಕ್ಕನ್ನು ಒಪ್ಪುತ್ತೆ. ಅದಕ್ಕೆ ಗ್ರಾಮಸಭೆ ಸೇರಬೇಕು, ಅರ್ಜಿ ಬರೆಯಬೇಕು, ಹಳೇ ಹಾಡಿ ಎಲ್ಲಿತ್ತು ಅಂತ ಹಿರಿಯರ ಹೇಳಿಕೆ ದಾಖಲಿಸಬೇಕು. ಕಾವೇರಿ ಹಂಚಿಕೆಯ ಈ ತೀರ್ಪು 15 ವರ್ಷದ್ದು. 2033ಕ್ಕೆ ಮತ್ತೆ ಲೆಕ್ಕ ತೆಗೀತಾರೆ. ಮುಳುಗಿದ ಜಾಗ ಕಂಡವರು ಅಷ್ಟರೊಳಗೆ ಎಷ್ಟು ಜನ ಉಳೀತಾರೋ. ಕೋಟೆ, ಸರಗೂರು, ಹುಣಸೂರು ಕಡೆ ಓದಿದ ಹುಡುಗರು ಬೇಕಾದಷ್ಟು ಇದ್ದೀರಿ. ಹಾಡಿಗಳಿಗೆ ಹೋಗಿ, ಕೂತು ಆ ಅರ್ಜಿ ಬರೆದುಕೊಡಿ.