ಮೂವತ್ತು ನಲವತ್ತರ ಸೈಟು

ನಾನು ಮನೆಗಳ ನಕ್ಷೆ ಬರೆಯಲು ಕೂತದ್ದು 1980ರ ದಶಕದಲ್ಲಿ. ಟಿ-ಸ್ಕ್ವೇರ್, ಟ್ರೇಸಿಂಗ್ ಹಾಳೆ, ಮೂಗಿಗೆ ಅಡರುವ ಅಮೋನಿಯಾ ಪ್ರಿಂಟು. 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಊರಿನ ಸುತ್ತಲ ಹೊಲಗಳನ್ನು ಬಡಾವಣೆ ಮಾಡುತ್ತಿದ್ದ ಕಾಲ ಅದು. ಬನಶಂಕರಿ, ಜೆ.ಪಿ. ನಗರದಲ್ಲಿ 30x40 ಅಡಿ ಸೈಟು ಸಿಕ್ಕವರು ಬರುತ್ತಿದ್ದರು: ಬ್ಯಾಂಕಿನವರು, ಮೇಷ್ಟ್ರುಗಳು, ಎಚ್‌ಎಂಟಿ ನೌಕರರು. ಎಲ್ಲರೂ ಕೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ ಮನೆ. ಸೈಜುಗಲ್ಲಿನ ಪಾಯ, ರೆಡ್ ಆಕ್ಸೈಡ್ ನೆಲ, ಹಾಲು, ಎರಡು ರೂಮು, ಮುಂದೆ ಗ್ರಿಲ್ ಹಾಕಿದ ವೆರಾಂಡ. ಆ ವೆರಾಂಡದಲ್ಲಿ ಕೂತವರಿಗೆ ಹೂವಿನವಳೂ ಪೋಸ್ಟ್‌ಮನ್ನೂ ಎದುರುಮನೆಯವರೂ ಮಾತಿಗೆ ಸಿಗುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಸಾಫ್ಟ್‌ವೇರ್ ಹುಡುಗರು ಬಂದರು. "ಸಿಟಿ ಲುಕ್ ಬೇಕು ಸಾರ್" ಎನ್ನುತ್ತಿದ್ದರು. ಅಂದರೆ ಡೂಪ್ಲೆಕ್ಸ್, ಗಾಜು, ಬೂದು ಬಣ್ಣ, ಓಪನ್ ಕಿಚನ್. ಒಬ್ಬ ಗಿರಾಕಿಯ ತಾಯಿ ನಕ್ಷೆ ನೋಡಿ ಕೇಳಿದ್ದರು: "ನಾನು ಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಸೋಫಾ ಮೇಲೆ ಕೂತೋರೆಲ್ಲ ಕೆಮ್ತಾ ಇರ್ಬೇಕೇನಪ್ಪ?" ಓಪನ್ ಕಿಚನ್ ಉಳಿಯಿತು, ನಿಜವಾದ ಅಡುಗೆ ಹಿಂದಿನ ಯುಟಿಲಿಟಿಗೆ ಹೋಯಿತು. ಈಗಲೂ ಅನೇಕ ಮನೆಗಳಲ್ಲಿ ಹಾಗೆಯೇ.

ಕಾರು ಮಾಡಿದ ಬದಲಾವಣೆ ಇದಕ್ಕಿಂತ ದೊಡ್ಡದು. ಮೊದಲು ವೆರಾಂಡ ಹೋಯಿತು, ಆಮೇಲೆ ಇಡೀ ನೆಲಮಹಡಿಯೇ ಸ್ಟಿಲ್ಟ್ ಪಾರ್ಕಿಂಗ್ ಆಯಿತು. ಮನೆಯವರು ಮೇಲೇರಿದರು, ಬೀದಿಗೆ ಉಳಿದದ್ದು ರೋಲಿಂಗ್ ಗೇಟು, ಸಿಸಿ ಕ್ಯಾಮೆರಾ. ಸಿಟಿ ಲುಕ್ ಕೇಳಿದವರು ಬೀದಿಗೇ ಬೆನ್ನು ತಿರುಗಿಸಿದರು. ಬೀದಿಯೊಡನೆ ಮಾತಿಲ್ಲದ ಮನೆಯಲ್ಲಿ ಸಿಟಿ ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ ಹಳೆಯ ಗ್ರಿಲ್ ವೆರಾಂಡವೇ ಹೆಚ್ಚು ನಗರದ್ದು.

ಇನ್ನೊಂದು ಕಷ್ಟ ಬೆಳಕಿನದು. ಪಕ್ಕದಲ್ಲಿ ಬಿಡುವ ಮೂರಡಿಯಲ್ಲಿ ಕಿಟಕಿ ಇಟ್ಟರೆ ಪಕ್ಕದವರ ಕಿಟಕಿಯೇ ಎದುರು, ಪರದೆ ಸರಿಸುವಂತಿಲ್ಲ. ಹಾಗಾಗಿ ಬೆಳಕು ಮೇಲಿನಿಂದಲೇ ಇಳಿಯಬೇಕು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಕೋರಮಂಗಲದಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯಲ್ಲಿ ನಡುವೆ ತೆರೆದ ಅಂಗಳವಿಟ್ಟು ಸುತ್ತ ಕೋಣೆಗಳನ್ನು ಜೋಡಿಸಿದರು. ನಮ್ಮ ತೊಟ್ಟಿಮನೆಯ ಲೆಕ್ಕವೇ ಅದು. 30x40ರಲ್ಲಿ ಅಷ್ಟು ಜಾಗವಿಲ್ಲ, ನಿಜ. ಆದರೆ ಮೆಟ್ಟಿಲ ಪಕ್ಕ ಆರಡಿ ಚೌಕ ಬಿಟ್ಟು, ಮೇಲೆ ಗಾಜು ಹಾಕಿ, ಅದರ ಬದಿಗಳಲ್ಲಿ ಜಾಲರಿ ಇಟ್ಟರೆ ಬಿಸಿಗಾಳಿ ತಾನೇ ಏರಿ ಹೊರಹೋಗುತ್ತದೆ. ಕೆಳಗೆ ಹಗಲಲ್ಲಿ ದೀಪ ಬೇಕಾಗುವುದಿಲ್ಲ. ಸೊಳ್ಳೆಗೆ ಹೆದರಿ ಆ ಜಾಲರಿಯನ್ನೇ ಮುಚ್ಚಿಸಿ, ಆಮೇಲೆ ಎಸಿ ಹಾಕಿಸಿದವರನ್ನೂ ಕಂಡಿದ್ದೇನೆ.

ಈಗ ಕಟ್ಟಿಸಲು ಹೊರಟವರು ಎಲಿವೇಷನ್ ಚಿತ್ರ ನೋಡುವ ಮೊದಲು ಎರಡು ಮಾತು ಕೇಳಿ: ಮಧ್ಯಾಹ್ನ ಹಾಲಿನಲ್ಲಿ ದೀಪವಿಲ್ಲದೆ ಪೇಪರ್ ಓದಬಹುದೇ? ಬೀದಿ ಕಾಣುವಂತೆ ಎರಡು ಕುರ್ಚಿ ಹಾಕಲು ಜಾಗವಿದೆಯೇ? ಇಲ್ಲವೆಂದರೆ ನಕ್ಷೆ ವಾಪಸ್ ಕೊಟ್ಟು ಇನ್ನೊಂದು ಬರೆಸಿ.