ಪೆನ್ನಿನ ನಡು

ಮರದ ಪೆನ್ನು ಕಡೆಯಲು ಹೊಸದಾಗಿ ಹೊರಟವರು ಮೊದಲು ಕೇಳುವುದು ಯಾವ ಉಳಿ ತರಲಿ, ಯಾವ ಮರ ಒಳ್ಳೆಯದು ಎಂದು. ಎರಡೂ ಆಮೇಲಿನ ಮಾತು. ಕಡೆದು ಮುಗಿಸಿದ ಮೊದಲ ಪೆನ್ನನ್ನು ಹಿಡಿದು, ಮರ ಮುಗಿದು ಲೋಹದ ಬಳೆ ಶುರುವಾಗುವ ಕಡೆ ಉಗುರು ಆಡಿಸಿ ನೋಡಿ. ಒಂದು ಮಗ್ಗುಲಲ್ಲಿ ಉಗುರು ಸಲೀಸಾಗಿ ಜಾರುತ್ತದೆ. ಅರ್ಧ ಸುತ್ತು ತಿರುಗಿಸಿದರೆ ಅಲ್ಲೇ ಹೊಸ್ತಿಲು ಎಡವಿದ ಹಾಗೆ ತಡೆಯುತ್ತದೆ. ಇದು ತಮ್ಮ ಕೈಯ ತಪ್ಪೆಂದು ಕಲಿಯುವವರು ಒಪ್ಪಿಕೊಂಡುಬಿಡುತ್ತಾರೆ. ಆದರೆ ಸುತ್ತುವುದು ಮರ, ಉಳಿ ನಿಂತಲ್ಲೇ ನಿಂತಿರುತ್ತದೆ. ಕೈ ಹೆಚ್ಚು ಒತ್ತಿದರೆ ಮರ ಸುತ್ತಲೂ ಒಂದೇ ಸಮ ಸವೆಯಬೇಕು. ಒಂದೇ ಮಗ್ಗುಲಿಗೆ ಹೆಚ್ಚುಕಮ್ಮಿ ಬಿದ್ದಿದ್ದರೆ ಮೊದಲು ಅನುಮಾನಿಸಬೇಕಾದ್ದು ಲೇತ್ ಹೊಂದಿಸಿದ ರೀತಿಯನ್ನು.

ಚನ್ನಪಟ್ಟಣದ ಕುಶಲಕರ್ಮಿಗಳು ಎಷ್ಟೋ ಸರಳವಾದ ಲೇತಿನಲ್ಲಿ ಹಾಲೆಮರದ ಗೊಂಬೆ ಕಡೆದು, ಅರಗು ಹಚ್ಚಿ, ಕನ್ನಡಿಯಂಥ ಹೊಳಪು ತರುತ್ತಾರಲ್ಲ, ಅಳತೆಯ ಈ ಹಟ ಯಾಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರ ಕೈಯ ಹದ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೇತಿಗೆ ಸಿಕ್ಕಿಸಿದ ಗಟ್ಟಿ ಮರದ ತುಂಡಿಗೆ ತನ್ನದೆಂಬ ನಡು ಇರುವುದಿಲ್ಲ. ಲೇತ್ ಯಾವ ಗೆರೆಯ ಮೇಲೆ ಸುತ್ತಿಸುತ್ತದೋ ಅದೇ ಗೊಂಬೆಯ ನಡು. ಪೆನ್ನಿನ ಮರ ಹಾಗಲ್ಲ. ಅದಕ್ಕೆ ಮೊದಲೇ ತೂತು ಕೊರೆದು, ಹಿತ್ತಾಳೆಯ ಕೊಳವೆ ಅಂಟಿಸಿ ತಂದಿರುತ್ತಾರೆ; ತೆಳು ಪೆನ್ನುಗಳಲ್ಲಿ ಆ ಕೊಳವೆ 7 ಮಿಲಿಮೀಟರಿನದು. ಅದು ತನ್ನ ನಡುವನ್ನು ಹೊತ್ತುಕೊಂಡೇ ಬರುತ್ತದೆ. ಆ ನಡುವೂ ಲೇತಿನ ನಡುವೂ ಒಂದಾಗದಿದ್ದರೆ, ಹೊರಮೈ ಎಷ್ಟೇ ದುಂಡಗಾದರೂ ಮರದ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಉಜ್ಜುಕಾಗದದಿಂದ ಸರಿಮಾಡುತ್ತೇನೆ ಎನ್ನುವುದೂ ನಡೆಯದು. ಕಾಗದ ಇದ್ದ ಮೈಯನ್ನೇ ಹಿಂಬಾಲಿಸುತ್ತದೆ, ಸಾಲದ್ದಕ್ಕೆ ಅಳತೆಗೆಂದು ಇಟ್ಟ ಬುಷ್ಶನ್ನೂ ಸವೆಸುತ್ತದೆ.

ಹಾಗಾಗಿ ಮೊದಲ ಅರ್ಧ ಗಂಟೆ ಮರ ಮುಟ್ಟಬಾರದು ಎಂಬುದು ನನ್ನ ವಾದ. ಲೇತ್ ಕೂತ ಮೇಜು ಅಲುಗಬಾರದು, ಕಾಲುಗಳು ಸಮನಾಗಿ ಊರಬೇಕು. ಏರುಪೇರಾದ ಹಲಗೆಗೆ ಬೋಲ್ಟ್ ಬಿಗಿದರೆ ಲೇತಿನ ಬೆನ್ನೇ ತಿರುಚಿಕೊಳ್ಳುತ್ತದೆ. ಲೇತಿನ ಎರಡು ತುದಿಗಳಲ್ಲಿರುವ ಹೆಡ್‌ಸ್ಟಾಕ್, ಟೇಲ್‌ಸ್ಟಾಕ್‌ಗಳ ಒಳಗಿನ ಇಳಿಜಾರು ತೂತನ್ನು ಬಟ್ಟೆಯಿಂದ ಒರೆಸಬೇಕು, ಒಂದು ಹೊಟ್ಟಿನ ಚೂರು ಸಾಕು ಅಲ್ಲಿ ಸಿಕ್ಕಿಸುವ ಮೊನೆ ಓರೆಯಾಗಲು. ಎರಡೂ ಕಡೆ ಮೊನೆ ಹಾಕಿ ಹತ್ತಿರ ತಂದು, ನಡುವೆ ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಮೆಲ್ಲಗೆ ಹಿಡಿಸಿ ನೋಡಿ. ಮೊನೆಗಳು ಎದುರುಬದುರು ಇದ್ದರೆ ಪಟ್ಟಿ ನೆಟ್ಟಗೆ ನಿಲ್ಲುತ್ತದೆ, ಇಲ್ಲವಾದರೆ ವಾಲುತ್ತದೆ. ಆಮೇಲೆ ಮ್ಯಾಂಡ್ರೆಲ್. ಹೆಚ್ಚಿನ ಪೆನ್ನು ಕೆಡುವುದು ಇಲ್ಲೇ, ಅದೂ ಬಿಗಿ ಮಾಡಬೇಕೆಂಬ ಒಳ್ಳೆಯ ಉದ್ದೇಶದಿಂದ. ಕೊಳವೆ ಅಂಟಿಸಿದ ಮರವನ್ನು ಪೋಣಿಸುವ ಸಪೂರ ಸರಳು ಅದು. ಟೇಲ್‌ಸ್ಟಾಕನ್ನು ಜೋರಾಗಿ ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ. ತುದಿಯ ಲೈವ್ ಸೆಂಟರ್ ಜೊತೆಯಲ್ಲಿ ಸುತ್ತುವಷ್ಟು ಒತ್ತಡ ಸಾಕು, ಸರಳಿನ ಮೇಲೆ ಮರವನ್ನು ಹಿಡಿದಿಡುವ ನಟ್ಟನ್ನು ಬೆರಳಲ್ಲಿ ಬಿಗಿದರೆ ಸಾಕು. ಮರದ ತುದಿ ಕೊಳವೆಗೆ ನೇರವಾಗಿ ಕತ್ತರಿಸಿರದಿದ್ದರೂ ನಟ್ಟು ಆ ಓರೆಗೆ ಒತ್ತಿ ಸರಳನ್ನು ಬಗ್ಗಿಸುತ್ತದೆ. ಮ್ಯಾಂಡ್ರೆಲ್ಲೇ ಬೇಡ, ಎರಡು ಮೊನೆಗಳ ನಡುವೆಯೇ ಕಡೆಯುತ್ತೇವೆ ಎನ್ನುವವರಿದ್ದಾರೆ. ಒಳ್ಳೆಯ ದಾರಿ, ಬಾಗುವ ಸರಳೇ ಅಲ್ಲಿಲ್ಲ. ಆದರೆ ಮೊನೆಗಳು ಎದುರುಬದುರು ಇರಲೇಬೇಕು.

ಇಷ್ಟು ಕಾಯಿಸಿದರೆ ಹೊಸಬರ ಉತ್ಸಾಹ ಆರಿಹೋಗುತ್ತದೆ ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ಕಾರಣ ತಿಳಿಯದೆ ನಾಲ್ಕು ಪೆನ್ನು ಹಾಳಾದಾಗ ಉತ್ಸಾಹ ಇದಕ್ಕಿಂತ ಬೇಗ ಆರುತ್ತದೆ. ಎರಡು ನಡುಗಳೂ ಒಂದಾಗಿವೆಯೇ ಎಂಬ ಪರೀಕ್ಷೆಯೂ ಸುಲಭ. ಮರವನ್ನು ದುಂಡಗೆ ಕಡೆದ ಮೇಲೆ ಲೇತ್ ನಿಲ್ಲಿಸಿ, ನಟ್ಟು ಸಡಿಲಿಸಿ, ಮರವನ್ನಷ್ಟೇ ಸರಳಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿಯಿರಿ. ಲೇತ್ ಓಡಿಸಿ ಉಳಿಯನ್ನು ಸೋಕಿಸಿ. ಉಳಿ ಮೈತುಂಬ ಮುಟ್ಟಿದರೆ ಸರಿ. ಒಂದೇ ಮಗ್ಗುಲನ್ನು ಟಕಟಕ ಬಡಿದರೆ, ಉಳಿ ಕೆಳಗಿಟ್ಟು ಟೇಲ್‌ಸ್ಟಾಕಿನ ಹಿಡಿಯನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿ.